ಎರಡಕ್ಕೆ, ನಾಲ್ಕಕ್ಕೆ

ಅಪ್ಪನ ಕುತ್ತಿಗೆಯ ಹಿಂದೆ ಬೆವರು ಒಂದೇ ಗೆರೆಯಾಗಿ ಇಳಿಯುತ್ತಿದೆ, ಕಾಲರಿನ ಒಳಕ್ಕೆ, ಬಿಳಿ ಕಾಲರ್ ಅಷ್ಟಗಲ ಬೂದಿ ಬಣ್ಣಕ್ಕೆ ತಿರುಗಿದೆ, ಲೋಕವೆಲ್ಲ ಆರ್ವಿಲ್ ಗೇಂಟನ ಮುಖ ನೋಡಿ ಚಪ್ಪಾಳೆ ತಟ್ಟುತ್ತದೆ, ಇಪ್ಪತ್ತೆಂಟು ವರ್ಷ ಅವನ ಹಿಂದೆ ಕೂತು ಡ್ರಮ್ ಬಾರಿಸಿದ ಮಗ ಲೆಮ್‌ಗೆ ದಕ್ಕಿದ್ದು ಈ ಕುತ್ತಿಗೆ, ಎಡಗಡೆ ಒಂದು ಗಂಟಿದೆ, ಕೋಲಿನ ತುದಿ ಬೀಳಲು ಹೇಳಿ ಮಾಡಿಸಿದ ಜಾಗ – ಥೂ, ಅಪ್ಪನಿಗೆ ಎಪ್ಪತ್ತು ತುಂಬಿದ ದಿನ ಎಂಥ ಯೋಚನೆ, ಭಾನುವಾರ ಮಧ್ಯಾಹ್ನ, ಕ್ಯಾನ್ಸಸ್ ಸಿಟಿಯ ಅರ್ಧ ಊರು ವಾದ್ಯಗಾರರ ಸಂಘದ ಹಾಲಿನಲ್ಲಿ ಬೆವರುತ್ತ ಕೂತಿದೆ, ಹಿತ್ತಲಲ್ಲಿ ಪಕ್ಕೆಲುಬಿನ ಮಾಂಸ ಸುಡುವ ಹೊಗೆ, ಗೋಡೆಯ ತುಂಬ ಪಟಗಳು, ಟ್ರಂಪೆಟ್ಟಿನ ರಾಜ ಆರ್ವಿಲ್, ಹಾಡಿನ ರಾಣಿ ಅಮ್ಮ ಡೆಲ್ಫೀನ್, ಮಗನದೂ ಒಂದಿದೆ, ಕಕ್ಕಸಿನ ಬಾಗಿಲ ಪಕ್ಕ, ಅರ್ಧ ಮುಖ ಡ್ರಮ್ಮಿನ ಸಿಂಬಲ್ ತಾಳದ ಹಿಂದೆ. ನಲವತ್ತನಾಲ್ಕು ವಯಸ್ಸು, ಸ್ವಂತದ್ದೆಂದು ಮೂರು ರೆಕಾರ್ಡು, ಮೂರರ ಮೇಲೂ ಗೇಂಟ್ ದಂಪತಿಯ ಮಗ ಎಂದು ದಪ್ಪ ಅಕ್ಷರ, ಲೆಮ್ ಎನ್ನುವುದು ಸಣ್ಣದಾಗಿ, ಶಿಕಾಗೋದಲ್ಲಿ ಸ್ವಂತ ತಂಡ ಕಟ್ಟಿ ಎರಡು ವರ್ಷ ಮರ್ಯಾದೆಯಿಂದ ಬಾಳಿದ್ದ, ಒಂದು ದಿನ ಕರೆಯದೇ ಬಂದು ವೇದಿಕೆ ಹತ್ತಿದ ಅಪ್ಪ, ಮಗನಿಗೆ ಒಂದು ಕೈ ಕೊಡೋಣ ಅಂತ ಬಂದೆ ಕಣ್ರಯ್ಯ ಅಂದ, ಅರ್ಧ ಗಂಟೆ ಊದಿ ಎದ್ದು ಹೋದ, ಮಾರನೆಯ ದಿನದಿಂದ ಬಂದವರೆಲ್ಲ ಕೇಳಿದ್ದು ಒಂದೇ, ನಿಮ್ಮಪ್ಪ ಇವತ್ತು ಬರ್ತಾರಾ, ಬರಲ್ಲ ಅಂದರೆ ಎದ್ದು ಹೋಗುತ್ತಿದ್ದರು. ಆಮೇಲೆ ಮತ್ತೆ ಇದೇ ಕುತ್ತಿಗೆಯ ಹಿಂದೆ.

ನಿಧಾನ ಕಣೋ ಲೆಮ್, ಎಂದಿದ್ದರು ಆಳೆತ್ತರದ ತಂತಿವಾದ್ಯ ಬೇಸ್ ನುಡಿಸುವ ಪಿಕೆಟ್ ಚಿಕ್ಕಪ್ಪ, ವೇದಿಕೆ ಹತ್ತುವ ಮುಂಚೆ ತೋಳು ಹಿಡಿದುಕೊಂಡು, ನಿಮ್ಮಪ್ಪ ಮಾರ್ಚಲ್ಲಿ ಎದೆ ಹಿಡ್ಕೊಂಡು ಬಿದ್ದೋನು, ಎರಡು ಮೆಲ್ಲನೆ ಹಾಡು ಊದಿ ಇಳೀಲಿ ಅಂತ ಡಾಕ್ಟ್ರು ಬಡ್ಕೊಂಡಿದಾರೆ, ಓಡೋ ಹಾಡು ಊದಿದ್ರೆ ಅಲ್ಲೇ ಮುಗೀತು, ಅವ್ನು ಮಾತು ಕೇಳೋ ಜಾತಿ ಅಲ್ಲ, ಲಗಾಮು ನಿನ್ನ ಕೈಯಲ್ಲಿದೆ. ಇದೆ, ಇದೆ, ಮುಂದೆ ನಿಂತವನು ಕಾಲು ಕುಟ್ಟಿ ವೇಗ ಹೇಳಬಹುದು, ಅದನ್ನು ಹಿಡಿದಿಡುವುದೋ ಹತ್ತಿಸುವುದೋ ಡ್ರಮ್ಮಿನವನಿಗೆ ಬಿಟ್ಟದ್ದು, ಊದುವವನು ಹಿಂದೆ ಓಡಲೇಬೇಕು. ಎರಡು ಹಾಡು ಮುಗಿದವು, ಇಳಿಯಬಹುದಿತ್ತು ಮುದುಕ, ಇಳಿಯಲಿಲ್ಲ, ಮೈಕಿನ ಕಡೆ ಬಾಗಿ ಹಲ್ಲು ಬಿಟ್ಟ – ಹಿಂದೆ ಕೂತಿರೋನು ನನ್ ಮಗ, ನಂಗೂ ನಂಬಿಕೆ ಇಲ್ಲ, ಡೆಲ್ಫೀನ್ ಆಣೆ ಇಟ್ಟು ಹೇಳ್ತಾಳೆ, ಏನ್ಮಾಡ್ಲಿ – ಹಾಲೆಲ್ಲ ನಗೆ, ಆಮೇಲೆ ತಿರುಗಿ ಮಗನಿಗೆ ಮಾತ್ರ ಕೇಳುವ ಹಾಗೆ, ಏನೋ ಕಂದ, ಹೆಣದ ಪೆಟ್ಟಿಗೆ ಹಿಂದೆ ನಡೀತಿದೀಯಾ, ಕೈಗೆ ಲಕ್ವ ಹೊಡೆದಿದ್ಯಾ, ಓಡ್ಸೋ ನೋಡಾಣ, ಕಾಲು ಕುಟ್ಟಿದ, ಒಂದು ಎರಡು ಒಂದು ಎರಡು ಮೂರು ನಾಲ್ಕು.

ಓಡಿಸೋ ಅಂದನಲ್ಲ, ಮಾಡಿದ್ದುಣ್ಣೋ ಮಹರಾಯ, ಲೆಮ್ ಅವನು ಕುಟ್ಟಿದ್ದಕ್ಕಿಂತ ಒಂದು ಕೂದಲೆಳೆ ಮುಂದೆ ಹಿಡಿದ, ಒಂದೇ ಕೂದಲೆಳೆ, ಪಿಕೆಟ್ ಚಿಕ್ಕಪ್ಪ ಸರಕ್ಕನೆ ತಿರುಗಿದರು, ಹಾಡಿನ ಮತ್ತೊಂದು ಸುತ್ತು ಬಂದಾಗ ಇನ್ನೊಂದೆಳೆ, ಕೋಲಿನ ಪ್ರತಿ ಏಟೂ ಒಂದೊಂದು ಹಳೆಯ ಲೆಕ್ಕಕ್ಕೆ ಬೀಳುತ್ತಿದೆ, ಇದು ಹದಿನೈದರ ವಯಸ್ಸಿನಲ್ಲಿ ನಾನೂ ಟ್ರಂಪೆಟ್ ಊದುತ್ತೇನೆ ಎಂದಾಗ ಊದುತ್ತಿದ್ದ ಬಾಯಿಗೇ ಅಂಗೈಯಿಂದ ಗುದ್ದಿದ್ದಕ್ಕೆ, ಹಿತ್ತಾಳೆ ತುಟಿ ಸೀಳಿ ಹಲ್ಲಿಗೆ ಕೂತಿತು, ಒಂದು ಮನೆಗೆ ಒಂದು ಟ್ರಂಪೆಟ್ ಸಾಕು ಅಂದ, ಒರೆಸ್ಕೋ, ನೆಲ ಕೊಳೆ ಮಾಡ್ತಿದೀಯ ಅಂದ, ಆ ತುಟಿ ಮತ್ತೆಂದೂ ಊದಲು ಬರಲಿಲ್ಲ – ಇದು ಅಮ್ಮನಿಗೆ, ಇದೂ ಅಮ್ಮನಿಗೆ. ಲೆಮ್‌ಗೆ ಆಗ ಹನ್ನೊಂದು, ಒಂದು ದಿನ ವೇದಿಕೆಯಲ್ಲಿ ಅಪ್ಪ ಕಾಲು ಕುಟ್ಟಿ ಹಾಡು ಶುರುಮಾಡಿದ್ದ, ಅಮ್ಮನಿಗೆ ಆ ವೇಗ ಹಿಡಿಸಲಿಲ್ಲ, ಕೈಯೆತ್ತಿ ಚಿಟಿಕೆ ಹೊಡೆದಳು, ನಾಲ್ಕರ ಎಣಿಕೆಯಲ್ಲಿ ಎರಡಕ್ಕೆ, ನಾಲ್ಕಕ್ಕೆ, ಹಾಡುವವರು ತಮಗೆ ಬೇಕಾದ ವೇಗ ಹಾಗೇ ತಾನೇ ಕೇಳುವುದು, ತಂಡವೆಲ್ಲ ಅಪ್ಪನ ಕಾಲು ಬಿಟ್ಟು ಅವಳ ಬೆರಳಿನ ಹಿಂದೆ ಹೋಯಿತು, ಜನ ಎದ್ದು ನಿಂತರು, ಮನೆಗೆ ಬಂದು ಹ್ಯಾಟು ತೆಗೆದಿಡುವುದರೊಳಗೆ ಅಪ್ಪ ಅವಳ ದವಡೆ ಮುರಿದ, ಬೇಯಿಸಿದ ಸೊಪ್ಪಿನ ಪಾತ್ರೆ ಬಿತ್ತು, ಅವಳು ಅದರ ಮೇಲೆ ಬಿದ್ದಳು, ಮೇಜಿನ ಕೆಳಗಿದ್ದ ಲೆಮ್‌ಗೆ ಮೂಳೆಯ ಸದ್ದು ಕೇಳಿತು, ರೈಲಿನ ಮೆಟ್ಟಿಲಲ್ಲಿ ಜಾರಿದರು ಎಂದು ಪತ್ರಿಕೆಯಲ್ಲಿ ಬಂತು, ಆರು ವಾರ ದವಡೆಗೆ ತಂತಿ, ಆಮೇಲೆ ಬಾಯಿಯ ಒಂದೇ ಬದಿಯಿಂದ ಹಾಡಿದಳು, ಅಬ್ಬ ಈಗ ದನಿಗೆ ನೋವು ತುಂಬಿಕೊಂಡಿದೆ ಎಂದು ಬರೆದವರೇ ಬರೆದವರು, ಆ ರೆಕಾರ್ಡಿನಿಂದಲೇ ರಾಣಿಯಾದಳು, ಚಿಟಿಕೆ ಮಾತ್ರ ಮತ್ತೆ ಹೊಡೆಯಲಿಲ್ಲ.

ಇಳಿಸೋ, ಪಿಕೆಟ್ ಚಿಕ್ಕಪ್ಪ ಕೂಗುತ್ತಿದ್ದಾರೆ, ಇಳಿಸೋ ಲೆಮ್, ಸಾಯಿಸ್ತೀಯ, ಅವರ ಬೆರಳು ಒಡೆದು ತಂತಿಯ ಮೇಲೆ ರಕ್ತ, ಅಪ್ಪ ಬಿಡುತ್ತಿಲ್ಲ, ಹಂದಿ, ಬಿಡುವುದಿಲ್ಲ, ಊದುತ್ತಾನೆ, ಚೆನ್ನಾಗಿಯೇ ಊದುತ್ತಾನೆ ಹಾಳಾದವನು, ಇಂಥ ಸ್ವರ ಆ ಬಾಯಿಗೆ ಯಾರು ಕೊಟ್ಟರು, ಈಗಲೂ ಮೈ ಜುಂ ಎನ್ನುತ್ತದೆ, ಅದಕ್ಕೂ ಸೇರಿಸಿ ಇನ್ನೊಂದೆಳೆ, ಕಿವಿಯ ಹಿಂದೆ ಚರ್ಮ ನೀಲಿಯಾಗುತ್ತಿದೆ, ಉಸಿರು ಸ್ವರದ ಮಧ್ಯ ಹರಿದು ತುಂಡಾಗುತ್ತಿದೆ, ಮಣಿಕಟ್ಟು ಸ್ವಲ್ಪ ಸಡಿಲಿಸಿದರೆ ಸಾಕು, ಮುದುಕ ಬದುಕುತ್ತಾನೆ, ಕೇಕು ಕತ್ತರಿಸುತ್ತಾನೆ, ಸಡಿಲಿಸು, ಆಗುತ್ತಿಲ್ಲ, ಅಪ್ಪನ ಕೈಯೇ ತನ್ನ ತೋಳಿನ ತುದಿಗೆ ಬೆಳೆದಿದೆ, ಮೇಜಿನ ಕೆಳಗಿನಿಂದ ನೋಡಿದ ಅದೇ ಕೈ, ಯಾರಾದರೂ ಹೇಳಬೇಕು, ಅಮ್ಮ ಹೇಳಬೇಕು, ಮುಂದಿನ ಸಾಲಿನಲ್ಲಿದ್ದಾಳೆ, ನೇರಳೆ ಹ್ಯಾಟು, ಅಮ್ಮಾ, ಅಂಗೈ ಕೆಳಗೆ ಮಾಡಿ ಒಂದು ಸಲ ತಗ್ಗಿಸು ಮಗಾ ಎಂದು ತೋರಿಸು, ಇಳಿಸುತ್ತೇನೆ, ನಿನ್ನಾಣೆ ಇಳಿಸುತ್ತೇನೆ, ಕೊಲೆಗಾರನಾಗಲು ಬಿಡಬೇಡ. ಚೀಲದ ಮೇಲಿದ್ದ ಅವಳ ಕೈ ಏಳುತ್ತಿದೆ. ಏಳಲಿ, ದೇವರೇ, ಎದ್ದಿತು, ಈಗ ಅಂಗೈ ತಿರುಗುತ್ತದೆ, ತಿರುಗಲಿಲ್ಲ, ಹೆಬ್ಬೆರಳೂ ನಡುಬೆರಳೂ ಚಿಟಿಕೆಗೆ ಕೂಡಿದವು, ಅಪ್ಪ ಒಂದು ಮೊಣಕಾಲೂರಿದ, ಜನ ಹೋ ಎಂದು ಎದ್ದರು, ಕೊನೆಯ ಸುತ್ತಿನಲ್ಲಿ ಮೊಣಕಾಲೂರಿ ಊದುವುದು ಅವನ ಹಳೆಯ ಆಟ, ಊರಿಗೆಲ್ಲ ಗೊತ್ತು, ಗುಮ್ಮೋ ಗೇಂಟಾ ಎಂದು ಯಾರೋ ಅರಚಿದರು, ಇದು ಆಟವಲ್ಲ, ಕುತ್ತಿಗೆ ನೋಡಿದವನಿಗೆ ಗೊತ್ತು, ಎರಡನೆಯ ಮೊಣಕಾಲೂ ಬಿತ್ತು, ಟ್ರಂಪೆಟ್ ಹಲಗೆಗೆ ಕುಟ್ಟಿ ಉರುಳಿತು, ಪಿಕೆಟ್ ಚಿಕ್ಕಪ್ಪ ಬೇಸ್ ಬಿಟ್ಟು ಓಡಿದರು, ಚಪ್ಪಾಳೆ, ಚಪ್ಪಾಳೆ, ಲೆಮ್ ಅಪ್ಪನ ಕಡೆ ನೋಡಬೇಕು, ನೋಡಲಾಗುತ್ತಿಲ್ಲ, ಅಮ್ಮನ ಬೆರಳು, ಕೋಲು ಕೆಳಗಿಡಬೇಕು, ಅಮ್ಮನ ಬೆರಳು, ಎರಡಕ್ಕೆ, ನಾಲ್ಕಕ್ಕೆ, ಇಷ್ಟು ಗದ್ದಲದಲ್ಲಿ ಸದ್ದು ಕೇಳುವುದಿಲ್ಲ, ಎರಡಕ್ಕೆ, ನಾಲ್ಕಕ್ಕೆ, ಲೆಮ್‌ಗಿಂತಲೂ ಒಂದೆಳೆ ಮುಂದೆ