ದವಡೆಹಲ್ಲು ಕೀಳಿಸಲು ಹೋದ ಕ್ಷೌರಿಕ

ಕ್ಷೌರಿಕ ಕುಡಿತ ಬಿಟ್ಟದ್ದು ನಿಜ. ಆದರೆ ಅದರಿಂದ ಬೀದಿಯವರಿಗೆ ಸುಖವೇನೂ ಆಗಲಿಲ್ಲ. ಕುಡಿಯುತ್ತಿದ್ದಾಗ ಬೈಗುಳ ಸುರಿಸುತ್ತಿದ್ದವನು ಈಗ ಉಪದೇಶ ಸುರಿಸತೊಡಗಿದ. ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು, ಗಂಟಲ ಮೇಲೆ ಕತ್ತಿ ಇಡಿಸಿಕೊಂಡು ಕೂತ ಗಿರಾಕಿ ಎದ್ದು ಓಡಲಾದೀತೇ? ಚಟ ಹತ್ತಿದ್ದು, ಆಸ್ಪತ್ರೆಯಲ್ಲಿ ಕೈ ನಡುಗಿದ್ದು, ಮಗಳು ದೂರವಾದದ್ದು, ಎಲ್ಲವನ್ನೂ ಕೇಳಿಯೇ ಏಳಬೇಕು. ಮಗಳ ಭಾಗ ಬಂದಾಗ ಅವನ ಕಣ್ಣು ತುಂಬುತ್ತಿತ್ತು. ಗಿರಾಕಿಯ ಕಣ್ಣೂ ತುಂಬಿತೋ, ತಲೆಗೆ ಪುಕ್ಕಟೆ ಎಣ್ಣೆ.

ಈ ಕಥೆಯನ್ನು ಅವನ ಬಾಯಿಂದ ಕೇಳದೆ ಉಳಿದವಳು ಮಗಳೊಬ್ಬಳೇ. ತಾಯಿ ಸತ್ತ ಮೇಲೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದು, ಹಲ್ಲಿನ ಡಾಕ್ಟರಾಗಿ, ಹಿಂದಿನ ಬೀದಿಯಲ್ಲೇ ಕ್ಲಿನಿಕ್ ಇಟ್ಟಿದ್ದಳು. ಅಪ್ಪನ ಅಂಗಡಿಯ ಮುಂದೆ ಹಾದರೂ ಕತ್ತು ಹೊರಳಿಸುತ್ತಿರಲಿಲ್ಲ. ಕಡೆಗೆ ಅವನ ದವಡೆಹಲ್ಲೇ ದಾರಿ ಮಾಡಿಕೊಟ್ಟಿತು. ಕ್ಷಮೆ ಕೇಳುವ ಮಾತನ್ನು, ಎಲ್ಲಿ ಗಂಟಲು ಕಟ್ಟಬೇಕೆಂಬುದರ ಸಮೇತ, ಕನ್ನಡಿಯೆದುರು ಗಟ್ಟಿಮಾಡಿಕೊಂಡೇ ಹೋದ.

“ಮಗಳೇ, ನಾನು...”

“ಬಾಯಿ ತೆಗೀರಿ,” ಎಂದಳು ಅವಳು, ಯಾರೋ ರೋಗಿಗೆ ಹೇಳುವಂತೆ.

ಸೂಜಿ ಚುಚ್ಚಿ, ಹತ್ತಿ ತುರುಕಿದಳು. ದವಡೆ ಮರಗಟ್ಟುತ್ತಿದ್ದಂತೆ ತಾನೇ ಮಾತಿಗೆ ತೊಡಗಿದಳು. ಶಾಲೆಯ ನಾಟಕದ ನಡುವೆ ಅವನು ತೂರಾಡುತ್ತ ವೇದಿಕೆ ಹತ್ತಿದ್ದು, ಅಮ್ಮ ಸತ್ತ ದಿನ ಅಮಲಿನಲ್ಲಿ ಮನೆ ತಪ್ಪಿ ಪಕ್ಕದ ಮನೆಯ ಮುಂದೆ ಕೂತು ಗೋಳಾಡಿದ್ದು, ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದಾರೆಂದು ತಾನು ಗೆಳತಿಯರಿಗೆ ಸುಳ್ಳು ಹೇಳಿದ್ದು. ಒಂದಕ್ಕೂ ದನಿ ಏರಿಸಲಿಲ್ಲ. ನೆನಪಿಲ್ಲ ಎನ್ನಲು ಹೋದ ಅವನ ಬಾಯಿಂದ ಎಂಜಲಷ್ಟೇ ಸುರಿಯಿತು. ಅವಳೇ ಒರೆಸಿದಳು.

“ನಿನ್ನ ಕಥೆ ನಂಗೆ ಬಾಯಿಪಾಠ. ನನ್ನ ಪೇಷೆಂಟುಗಳೆಲ್ಲ ನಿನ್ನ ಗಿರಾಕಿಗಳೇ,” ಎಂದಳು. “ನೀನು ಚಿಕ್ಕಮ್ಮನ ಮನೆಗೆ ಬಂದಾಗ ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ ಅಂತೀಯಂತೆ. ನಾನು ಅಳ್ಲಿಲ್ಲ ಅಪ್ಪ. ಒಳಗಿಂದ ಚಿಲಕ ಹಾಕ್ಕೊಂಡೆ.”

ಹಲ್ಲು ಕಿತ್ತು ಬಂತು. ಗಟ್ಟಿಮಾಡಿದ ಮಾತು ಹೊಟ್ಟೆಯಲ್ಲೇ ಉಳಿಯಿತು. ಊದಿದ ಕೆನ್ನೆ ಹೊತ್ತು ಅವನು ಎರಡು ದಿನ ಬಾಯಿಬಿಡದೆ ಕ್ಷೌರ ಮಾಡಿದ. ಉಪದೇಶ ನಿಂತದ್ದು ಕಂಡು, ಮತ್ತೆ ಕುಡಿಯಲು ಶುರುಮಾಡಿರಬೇಕೆಂದು ಗಿರಾಕಿಗಳು ಮರುಗಿದರು. ಆದರೂ ಬೇಗ ಏಳಲು ಸಿಕ್ಕಿದ್ದಕ್ಕೆ ಯಾರಿಗೂ ಬೇಸರವಿರಲಿಲ್ಲ.

ಮುಂದಿನ ವಾರ ನೋವಿಲ್ಲದಿದ್ದರೂ ಕ್ಲಿನಿಕ್ಕಿಗೆ ಹೋದ.

“ಈಗೇನಾಯ್ತು?” ಎಂದಳು.

“ಏನಿಲ್ಲ. ನೀನು ಹೇಳೋದು ಇನ್ನೂ ಇತ್ತೇನೋ ಅಂತ ಬಂದೆ.”

ಅವಳು ಅವನನ್ನೊಮ್ಮೆ ದಿಟ್ಟಿಸಿದಳು. ಟೀ ತರಿಸಿದಳು, ಒಂದೇ ಲೋಟ, ತನಗೆ. ಆಮೇಲೆ ಕೂರಲು ಸ್ಟೂಲನ್ನು ಅವನತ್ತ ತಳ್ಳಿದಳು.