ಬೈರಪ್ಪ ಹೇಳಿದ ಎರಡು

ತ್ಯಾಮಗೊಂಡ್ಲಿನಲ್ಲಿ ತಂಗಿಯ ಮೊಮ್ಮಗಳ ನಾಮಕರಣ. ಬೈರಪ್ಪ ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಬಿಡಿಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಅರಿಶಿನಕುಂಟೆಯ ಕಾರ್ಖಾನೆಯಲ್ಲಿ ಅವನ ಜೊತೆ ನಾಲ್ಕು ವರ್ಷದಿಂದ ಅಚ್ಚು ಮಾಡುವ ಅರ್ಪಿತ.

"ಅಣ್ಣಾ, ಪಂಚು ಅಚ್ಚಿನೊಳಗೆ ಬಿಗಿಯಾಗ್ತಿದೆ. ಎಷ್ಟು ತೆಗೀಲಿ?"

"ಎರಡು ಹೊಡಿ, ಸಾಕು," ಎಂದು ಬೈರಪ್ಪ ಫೋನಿಟ್ಟ.

ಪಂಚು ಎಂದರೆ ಅಚ್ಚಿನ ಕುಳಿಗೆ ಇಳಿದು ತಗಡು ಕತ್ತರಿಸುವ ಉಕ್ಕಿನ ತುಂಡು. ಎರಡು ಎಂದರೆ ಮಿಲಿಮೀಟರನ್ನು ನೂರು ಪಾಲು ಮಾಡಿ, ಅದರಲ್ಲಿ ಎರಡು ಪಾಲು. ತುತ್ತು ಬಾಯಿಗೆ ಹೋಗುವ ಮೊದಲೇ ಇನ್ನೊಂದು ನೆನಪಾಯಿತು. ಹೊಸ ಗ್ರೈಂಡಿಂಗ್ ಮಿಷನ್ನು ನಿನ್ನೆಯೇ ಕೆಟ್ಟು ನಿಂತಿದೆ. ಹಾಗಾದರೆ ಇವಳು ಹಳೇ ಮಿಷನ್ನಿಗೆ ಕೈ ಹಾಕಿದ್ದಾಳೆ.

ಕಂಪನಿ ಹುಟ್ಟಿದ್ದೇ ಆ ಹಳೇ ಮಿಷನ್ನಿನಿಂದ. ನಲವತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಕಾರ್ಖಾನೆಯೊಂದರ ಹರಾಜಿನಲ್ಲಿ ಕಂಪನಿ ಕಟ್ಟಿದ ಆಂಜಿನಪ್ಪನವರು ಅದನ್ನು ಹಿಡಿದು, ಲಾರಿಯಲ್ಲಿ ತಂದು ಶೀಟಿನ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಇಂಗ್ಲೆಂಡಿನ ಮಾಲು, ಲೆಕ್ಕವೆಲ್ಲ ಅಂಗುಲದಲ್ಲಿ. ಹೊಸ ಮಿಷನ್ನಿನ ಡಯಲಿನಲ್ಲಿ ಒಂದು ಗೆರೆಗೆ ಒಂದೇ ಪಾಲು; ಇದರಲ್ಲಿ ಒಂದು ಗೆರೆಗೆ ಎರಡೂವರೆ ಪಾಲು ಉಕ್ಕು ಹೋಗುತ್ತದೆ, ಎರಡು ಗೆರೆಗೆ ಐದು. ಹೋದ ಉಕ್ಕನ್ನು ಬ್ರಹ್ಮ ಬಂದರೂ ಅಂಟಿಸಲಾರ. ಅಚ್ಚು ಒಯ್ಯಲು ಗಿರಾಕಿ ನಾಲ್ಕು ಗಂಟೆಗೆ ಬರುತ್ತಾನೆ. ಮೂರು ತಿಂಗಳ ಕೆಲಸ ಗುಜರಿಗೆ.

ಮತ್ತೆ ಫೋನ್ ಮಾಡಿದ. ಗ್ರೈಂಡಿಂಗ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎಲೆಗೆ ಕೈ ಮುಗಿದು ಎದ್ದ. ಅಳಿಯನ ಸ್ಕೂಟರನ್ನು ಕೇಳದೆಯೇ ಹತ್ತಿದ.

ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಆಂಜಿನಪ್ಪನವರ ಮಗಳು ಪ್ರಮೋದಾ, ಈಗಿನ ಯಜಮಾನಿ, ಎಷ್ಟು ಸಲ ಹೇಳಿರಲಿಲ್ಲ, "ಆ ಮಿಷನ್ ಅರ್ಪಿತಂಗೂ ಹೇಳ್ಕೊಡಿ ಬೈರಪ್ಪಣ್ಣ" ಅಂತ. "ಆಗ್ಲವ್ವ" ಅನ್ನುವುದು, ಜಾರಿಕೊಳ್ಳುವುದು. ಅದು ತನಗೊಬ್ಬನಿಗೇ ಗೊತ್ತಿರುವವರೆಗೆ ತನ್ನನ್ನು ಮನೆಗೆ ಕಳಿಸುವವರು ಯಾರು ಎಂಬ ಜಾಣತನ. ಅರವತ್ತೊಂದು ವರ್ಷದವನ ಜಾಣತನ ಇವತ್ತು ಕುತ್ತಿಗೆಗೆ ಬಂದಿತ್ತು.

ಒಳಗೆ ನುಗ್ಗಿದಾಗ ಮಿಷನ್ನು ನಿಂತಿತ್ತು. ಅರ್ಪಿತ ಪಂಚನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬೈರಪ್ಪ ಅದನ್ನು ಕಿತ್ತುಕೊಂಡು ಮೈಕ್ರೋಮೀಟರಿಗೆ ಕೊಟ್ಟ. ಎರಡು ಸಲ ಓದಿದ. ಹೋಗಿದ್ದುದು ಸರಿಯಾಗಿ ಎರಡು ಪಾಲು.

"ಎಷ್ಟು ಗೆರೆ ತಿರುಗಿಸ್ದೆ?"

"ಮೊದ್ಲು ಅರ್ಧ ಗೆರೆ ಅಣ್ಣಾ. ಅಳೆದ್ರೆ ಒಂದಕ್ಕಿಂತ ಜಾಸ್ತಿನೇ ಹೋಗಿತ್ತು. ಇದ್ಯಾಕೋ ಬೇರೆ ಲೆಕ್ಕ ಅನ್ನಿಸ್ತು. ಆಮೇಲೆ ಒಂಚೂರು ಒಂಚೂರೇ ತೆಗೆದು, ಅಳೀತಾ ಹೋದೆ."

ಬೈರಪ್ಪ ಸ್ಟೂಲಿನ ಮೇಲೆ ಕೂತ. ಹೋದ ಜೀವ ಬಂದಂತಾಯಿತು. ಪಂಚು ಉಳಿಯಿತು ಎಂಬುದಷ್ಟೇ ಅಲ್ಲ, ತಾನಿಲ್ಲದೆಯೂ ಕೆಲಸ ನಡೆಯಿತು. ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಈಗ ನೋಡಿದರೆ ಹೆಗಲ ಮೂಟೆ ಇಳಿಸಿದ ಹಾಗೆ ಹಗುರವಾಗಿದೆ. ನಗು ಬಂತು.

"ಅನುಮಾನ ಬಂದಾಗ ನನಗೊಂದು ಫೋನ್ ಮಾಡಿ ಯಾವ ಎರಡು ಅಂತ ಕೇಳ್ಬಾರ್ದಿತ್ತಾ ತಾಯಿ?"

ಅರ್ಪಿತ ತಲೆ ತಗ್ಗಿಸಿದಳು. "ಆ ಮಿಷನ್ ವಿಷ್ಯ ಕೇಳಿದ್ರೆ ನೀವು ಬೈತೀರಲ್ಲಣ್ಣ."

ಬೈರಪ್ಪನ ನಗು ನಿಂತಿತು. ಎದ್ದು ಮಿಷನ್ನಿನ ಪಕ್ಕ ಎರಡನೇ ಸ್ಟೂಲು ಎಳೆದು ಹಾಕಿದ.

"ಕೂತ್ಕೊ ಬಾರವ್ವ," ಎಂದ. "ಮೊದಲನೇ ಗೆರೆಯಿಂದ ಹೇಳ್ತೀನಿ."