ಬೆರ್ಚಪ್ಪನ ತಲೆಗೆ ಹೆಲ್ಮೆಟ್ಟು

ಲೊಕ್ಕನಹಳ್ಳಿ ಕಡೆ ಮುಸುಕಿನ ಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಕಾಡುಹಂದಿಗಳು ಬರುತ್ತವೆ. ಇದು ಹೊಸ ಸುದ್ದಿಯೇನಲ್ಲ. ಹೊಲದ ಸುತ್ತ ಹಳೇ ಸೀರೆ ಕಟ್ಟಿದವರಿದ್ದಾರೆ, ತಗಡು ಬಡಿದವರಿದ್ದಾರೆ, ಪಟಾಕಿ ಹೊಡೆದವರಿದ್ದಾರೆ. ಬೆದರುಬೊಂಬೆ ಇಲ್ಲದ ಹೊಲವಂತೂ ಇಲ್ಲ. ನಮ್ಮ ಕಡೆ ಅದಕ್ಕೆ ಬೆರ್ಚಪ್ಪ ಅನ್ನುತ್ತೇವೆ. ಎರಡು ಕೋಲು, ಒಂದು ಹರಕು ಅಂಗಿ, ಹುಲ್ಲು ತುಂಬಿದ ಹೊಟ್ಟೆ, ತಲೆಗೆ ಸುಣ್ಣದ ಬೊಟ್ಟಿಟ್ಟ ಮಸಿ ಮಡಕೆ.

ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ ಶಾಂತಮೂರ್ತಿಯ ಹೊಲದ ಬೆರ್ಚಪ್ಪನ ತಲೆಗೆ ಮಡಕೆ ಇರಲಿಲ್ಲ. ಕೆಂಪಗೆ ಹೊಳೆಯುವ ಹೊಸ ಹೆಲ್ಮೆಟ್ಟು ಇತ್ತು. ಗಲ್ಲದ ಪಟ್ಟಿಯನ್ನು ಬೇರೆ ಬಿಗಿಯಾಗಿ ಹಾಕಿದ್ದರು!

ನಾನು ರಾಚಮ್ಮ, ಸರ್ಕಾರಿ ಆಸ್ಪತ್ರೆಯ ನರ್ಸು. ಮಕ್ಕಳಿಗೆ ಚುಚ್ಚುಮದ್ದು ಹಾಕಿಕೊಂಡು, ಒಡೆದ ತಲೆಗಳಿಗೆ ಹೊಲಿಗೆ ಹಾಕಿಕೊಂಡು ಈ ಸೀಮೆಯಲ್ಲೇ ಮುದುಕಿಯಾಗುತ್ತಿರುವವಳು. ದಾರಿಯಲ್ಲಿ ಹೋಗುವವರು ಆ ಬೆರ್ಚಪ್ಪನನ್ನು ನೋಡಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೆಲ್ಮೆಟ್ಟು ಯಾರ ತಲೆಗೆಂದು ಬಂದದ್ದು ನನಗೆ ಗೊತ್ತಿತ್ತು. ಹಿಂದಿನ ಭಾನುವಾರವಷ್ಟೇ ಆ ತಲೆ ಬೋಳುಬೋಳಾಗಿ ಬೈಕಿನ ಮೇಲೆ ಕುಣಿಯುತ್ತ ಹೋದದ್ದನ್ನೂ ಕಣ್ಣಾರೆ ಕಂಡಿದ್ದೆ.

ಶಾಂತಮೂರ್ತಿ ಹುಡುಗನಾಗಿದ್ದಾಗ ಬೈಕಿನ ಹುಚ್ಚು ಹಿಡಿಸಿಕೊಂಡಿದ್ದ. ಎಪ್ಪತ್ತರ ದಶಕದ ಮಾತು. ಯಳಂದೂರಿನ ಆಚೆ ಕೆರೆ ಬತ್ತಿದರೆ ಸಾಕು, ತನ್ನ ರಾಜದೂತ್ ತೆಗೆದುಕೊಂಡು ಕೆರೆಯಂಗಳದಲ್ಲಿ ಧೂಳೆಬ್ಬಿಸುತ್ತಿದ್ದ. ಬಂಡಿ ಜಾಡು, ಹಳ್ಳ, ಕಲ್ಲುಗುಡ್ಡ, ಎಲ್ಲಿ ರಸ್ತೆ ಇಲ್ಲವೋ ಅಲ್ಲೇ ಅವನಿಗೆ ಖುಷಿ. ಮದುವೆಯಾಯಿತು, ಮಗಳಾದಳು, ಹೊಲಮನೆ ಹೆಗಲಿಗೆ ಬಿತ್ತು. ಬೈಕು ರೇಷ್ಮೆಹುಳು ಸಾಕುವ ಮನೆಯ ಮೂಲೆಯಲ್ಲಿ ಗೋಣಿ ಹೊದ್ದು ನಿಂತುಬಿಟ್ಟಿತು. ಮಗಳು ಪವಿತ್ರಳನ್ನು ಯಳಂದೂರಿಗೆ ಮದುವೆ ಮಾಡಿ ಕಳಿಸಿದ ಮೇಲೆ ಮನೆ ಬಿಕೋ ಅನ್ನತೊಡಗಿತು. ಆಗ ಅವನು ಆ ಗೋಣಿ ತೆಗೆದ. ಹನೂರಿನಿಂದ ಮೆಕ್ಯಾನಿಕ್ಕು ಬಂದ, ಟಯರು ಬಂತು, ಟ್ಯೂಬು ಬಂತು. ನಲವತ್ತೇಳರ ಗಂಡಸು ಮತ್ತೆ ಹಳ್ಳದ ದಿಬ್ಬ ಹತ್ತಿಸಲು ಶುರುಮಾಡಿದ.

ಊರು ಆಡಿಕೊಂಡಿತು. ಈ ವಯಸ್ಸಿಗೆ ಇದೇನು ಶೋಕಿ ಅಂದಿತು. ನಾನು ಹಾಗೆ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ದಿನವಿಡೀ ಜಗಲಿಯಲ್ಲಿ ಇಸ್ಪೀಟು ಆಡುವವರನ್ನು ಯಾರೂ ಕೇಳುವುದಿಲ್ಲ, ಒಬ್ಬ ಮನುಷ್ಯ ಮೈ ಬಗ್ಗಿಸಿ ಖುಷಿಪಟ್ಟರೆ ಎಲ್ಲರಿಗೂ ಹೊಟ್ಟೆಯುರಿ. ಮಗಳು ಪವಿತ್ರ ಮಾತ್ರ ಸರಿಯಾದ ಕೆಲಸ ಮಾಡಿದಳು. ಕೊಳ್ಳೇಗಾಲದಲ್ಲಿ ಹೆಲ್ಮೆಟ್ಟು ಕೊಂಡು, "ಓಡಿಸಪ್ಪ, ಬ್ಯಾಡ ಅನ್ನಲ್ಲ. ಇದ ಆಕಂಡು ಓಡ್ಸು" ಎಂದು ಕೈಗೆ ಕೊಟ್ಟು ಹೋದಳು.

ಆ ಹೆಲ್ಮೆಟ್ಟು ಜೋಳ ಕಾಯುತ್ತಿತ್ತು.

ನಾನು ಹೊಲದಿಂದ ಸೀದಾ ಅವರ ಮನೆಗೇ ಹೋದೆ. ಶಾಂತಮೂರ್ತಿಯ ಹೆಂಡತಿ ಚನ್ನಮಲ್ಲಮ್ಮ ಜಗಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು.

"ಇದೇನ್ ಚನ್ನಮಲ್ಲವ್ವ, ಮಗಳು ತಂದ ಹೆಲ್ಮೆಟ್ಟು ಒಲದಲ್ಲಿ ನಿಂತದೆ?" ಅಂದೆ.

"ಅಯ್ಯೊ, ಕುಂತ್ಕಳಿ ನರ್ಸಮ್ಮ, ವಸಿ ಮಜ್ಜಿಗೆ ಕುಡೀರಿ. ಅದ ಬೆರ್ಚಪ್ಪುನ್ ತಲೆಗಾಕಿದ್ ಮೇಲೆ ಒಂದ್ ಅಂದಿನೂ ಬಂದಿಲ್ಲ ಕಣ್ರಿ. ಬಿಸ್ಲಿಗೂ ಪಳಪಳ ಅಂತದೆ, ಬೆಳ್ದಿಂಗ್ಳಿಗೂ ಪಳಪಳ ಅಂತದೆ. ಮಡಕೆಗೆ ಎದರ್ತಿರ್ನಿಲ್ಲ, ಇದುಕ್ಕೆ ಎದರ್ಕಂಡವೆ."

"ಅಂದಿ ಎದ್ರಿಸಕ್ಕೆ ತಂದ್ಕೊಟ್ಲಾ ಪವಿತ್ರ?"

ಒಳಗಿನಿಂದ ಶಾಂತಮೂರ್ತಿ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದ. ಮೊಣಕೈಯಲ್ಲಿ ತರಚಿದ ಹೊಸ ಗಾಯ ಇತ್ತು. "ನರ್ಸಮ್ಮ, ಸುಮ್ನೆ ಬೈಬ್ಯಾಡಿ. ಕೊಳ್ಳೇಗಾಲುಕ್ಕೆ ಓಗ್ವಾಗ ಬೆರ್ಚಪ್ಪುನ್ ತಲೆಯಿಂದ ಬಿಚ್ಕಂಡು ಆಕಂಡೇ ಓಯ್ತೀನಿ. ಬಂದ್ಮೇಲೆ ಅವನಿಗೇ ಆಕ್ತೀನಿ. ಟಾರ್ ರೋಡ್ಗೆ ಬೇಕು, ಒಪ್ತೀನಿ. ಮಣ್ ದಾರಿಲಿ ಯಾಕೆ?"

ಜೊತೆಯಲ್ಲಿ ಟೀ ಅಂಗಡಿಯ ಮಹದೇವೂ ಬಂದ. ಶಾಂತಮೂರ್ತಿಯ ಹಳೆಯ ಜೊತೆಗಾರ, ಆ ಕಾಲದಲ್ಲಿ ಬೈಕಿನ ಹಿಂದೆ ಕೂತು ಕೂಗು ಹಾಕುತ್ತಿದ್ದವನು. ಅವನು ಬಾಯಿ ಹಾಕಿದ. "ಬಿದ್ರೆ ಮಣ್ಣಿಗೆ ತಾನೆ ಬೀಳದು ನರ್ಸಮ್ಮ? ಮಣ್ಣು ಮೆತ್ತಗದೆ. ಆಮೇಕೆ ಅದ ಆಕಂಡ್ರೆ ಕಿವಿ ಮುಚ್ಕತದೆ. ಕಾಡಂಚು ಇದು, ಆನೆ ಬಂದ್ರೆ ಎಂಗೆ ಕೇಳದು?"

"ಆ ರಾಜದೂತಿನ ಸದ್ದಲ್ಲಿ ನಾನ್ ಪಕ್ಕದಲ್ಲಿ ನಿಂತು ಕೂಗುದ್ರೂ ಕೇಳಾಕಿಲ್ಲ, ಆನೆ ಎಜ್ಜೆ ಸದ್ದು ಕೇಳ್ತದಾ? ಆನೆಗೆ ಎದರಂಗಿದ್ರೆ ಬೆಳಕಿರ್ವಾಗ ಓಡ್ಸಿ ಬೆಳಕಿರ್ವಾಗ್ಲೆ ಬನ್ನಿ, ಕಾಡೊಳಕೆ ನುಗ್ಬ್ಯಾಡಿ. ಅದುಕ್ಕೂ ಎಲ್ಮೆಟ್ಗೂ ಏನ್ ಸಂಬಂಧ? ಮಣ್ಣು ಮೆತ್ತಗದೆ, ಸರಿ. ಮಣ್ಣೊಳ್ಗಿರ ಕಲ್ಲು?"

"ಆ ಹಳ್ಳದ ಕಲ್ಲೆಲ್ಲ ನಂಗೊತ್ತು ಬುಡಿ" ಅಂದ ಶಾಂತಮೂರ್ತಿ. "ಕಣ್ ಮುಚ್ಕಂಡು ಹತ್ತಿಸ್ತೀನಿ."

"ಕಣ್ಣು ಕೊನೇಲಿ ಯಾವಾಗ ತೋರ್ಸಿದ್ರಿ ಡಾಕ್ಟರ್ಗೆ?"

ಅವನು ನಕ್ಕ. ಮಹದೇವು ನಕ್ಕ. ಚನ್ನಮಲ್ಲಮ್ಮ ಕೂಡ ನಕ್ಕಳು. ನಾನು ಮಜ್ಜಿಗೆ ಕುಡಿಯದೆ ಎದ್ದು ಬಂದೆ. ಸಿಟ್ಟು ಬಂದಾಗ ನನಗೆ ಏನೂ ಇಳಿಯುವುದಿಲ್ಲ.

ಸ್ವಲ್ಪ ದಿನದಲ್ಲೇ ಹಂದಿಗಳಿಗೆ ಹೆಲ್ಮೆಟ್ಟೂ ಅಭ್ಯಾಸವಾಯಿತು. ಬೆರ್ಚಪ್ಪನ ಕಾಲಬುಡದ ಜೋಳವನ್ನೇ ಮೊದಲು ತಿಂದು ಹೋದವು. ಆಮೇಲಾದರೂ ಹೆಲ್ಮೆಟ್ಟು ಮನೆಗೆ ಬಂತೇ? ಇಲ್ಲ. ಬಿಸಿಲಲ್ಲಿ, ಮಳೆಯಲ್ಲಿ ಅಲ್ಲೇ ನೇತಾಡಿತು. ಹುಲ್ಲಿನ ತಲೆಗೆ ಇಷ್ಟು ರಕ್ಷಣೆ, ಮಗಳನ್ನು ಹೆತ್ತ ಮನೆಯ ಯಜಮಾನನ ತಲೆಗೆ ಒಂದು ಟವಲು! ಇದಕ್ಕಿಂತ ತಲೆಹರಟೆ ಬೇರೆ ಇದೆಯೇ?

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಮಹದೇವು ಏದುಸಿರು ಬಿಡುತ್ತ ನನ್ನ ಮನೆ ಬಾಗಿಲಿಗೆ ಬಂದ. ಹಳ್ಳದ ಕಡೆ ಕೈ ತೋರಿಸಿದ, ಅಷ್ಟೇ. ಚೀಲ ಎತ್ತಿಕೊಂಡು ಓಡಿದೆ.

ಶಾಂತಮೂರ್ತಿ ಹಳ್ಳದ ದಿಬ್ಬದ ಕೆಳಗೆ ಅಂಗಾತ ಬಿದ್ದಿದ್ದ. ಬೈಕು ಒಂದು ಕಡೆ, ಟವಲು ಒಂದು ಕಡೆ. ಹಿಂದಲೆಯ ಕೆಳಗೆ ಕಲ್ಲು. ಅವನು ಹೇಳಿದ್ದು ಸುಳ್ಳಲ್ಲ, ಆ ಹಳ್ಳದ ಪ್ರತಿ ಕಲ್ಲೂ ಅವನಿಗೆ ಗೊತ್ತಿತ್ತು. ಆದರೆ ಅವನಿಗೆ ಗೊತ್ತಿದ್ದದ್ದು ಎಪ್ಪತ್ತೆಂಟರ ಹಳ್ಳ. ಆಗ ಆ ದಿಬ್ಬ ಬರೀ ಮರಳಾಗಿತ್ತು. ಇಷ್ಟು ವರ್ಷದ ಮಳೆನೀರು ಮರಳೆಲ್ಲ ಕೊಚ್ಚಿಕೊಂಡು ಹೋಗಿ ಒಳಗಿನ ಬಂಡೆ ಎದ್ದು ಕೂತಿತ್ತು. ಮುಂದಿನ ಚಕ್ರ ಅದಕ್ಕೆ ಬಡಿದಾಗ ಹಳೆಯ ಅಭ್ಯಾಸದಂತೆ ಕಾಲು ಊರಲು ನೋಡಿದ್ದಾನೆ. ಮೊಣಕಾಲು ಹುಡುಗನದಲ್ಲವಲ್ಲ, ಹೊತ್ತಿಗೆ ಸರಿಯಾಗಿ ನೆಲ ಮುಟ್ಟಲಿಲ್ಲ.

ನೆರೆದ ಜನ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. "ಎತ್ತಿ ಕುಂಡ್ರುಸ್ಲಾ", "ಸೋಡಾ ಕುಡ್ಸು", "ಮುಖುಕ್ಕೆ ನೀರ್ ಒಡಿ".

"ಯಾರಾದ್ರೂ ಮುಟ್ಟುದ್ರೆ ನೋಡಿ!" ಎಂದು ಕೂಗಿದೆ. "ಬಾಯ್ಗೆ ಒಂದ್ ತೊಟ್ಟು ನೀರ್ ಬುಡಬ್ಯಾಡಿ. ಕತ್ತು ಅಲುಗಾಡಬಾರ್ದು. ಒಂದ್ ಬಾಗಿಲ ಅಲಗೆ ತಕಬನ್ನಿ. ಲೇ ಮಹದೇವು, ಜೀಪು ಕರ್ಕಬಾ, ಓಗ್ಲಾ!"

ಹಲಗೆಯ ಮೇಲೆ ಮಲಗಿಸಿ, ಕತ್ತಿನ ಎರಡು ಪಕ್ಕಕ್ಕೂ ಬಟ್ಟೆ ಸುತ್ತಿಟ್ಟು, ತಲೆಯನ್ನು ನನ್ನ ಎರಡು ಕೈಯಲ್ಲೂ ಹಿಡಿದುಕೊಂಡು ಕೊಳ್ಳೇಗಾಲದವರೆಗೆ ಕೂತೆ. ಅಲ್ಲಿಂದ ಮೈಸೂರಿಗೆ ಕಳಿಸಿದರು. ಚನ್ನಮಲ್ಲಮ್ಮ ದಾರಿಯುದ್ದಕ್ಕೂ ಅಳಲಿಲ್ಲ. "ಅಂದಿ ಬರನಿಲ್ಲ ಅಂದ್ನಲ್ಲ ನಾನು ನರ್ಸಮ್ಮ, ಅಂದಿ ಬರನಿಲ್ಲ ಅಂದ್ನಲ್ಲ" ಎಂದು ಅದನ್ನೇ ಹೇಳುತ್ತಿದ್ದಳು. ಅವತ್ತು ಅವಳನ್ನು ಬೈಯಲು ನನಗೂ ಮನಸ್ಸು ಬರಲಿಲ್ಲ.

ಅವನು ಬದುಕಿದ. ತಲೆಯ ಗಾಯ ಮಾಗಿತು, ಮಾತು ಸರಿಯಾಯಿತು, ಎದ್ದು ಓಡಾಡಿದ. ಪವಿತ್ರ ಬಂದು ಅಪ್ಪನ ಅಂಗಾಲು ಒತ್ತುತ್ತ ಕೂತಿದ್ದಳು. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡೆವು.

ಒಂದು ಸಂಜೆ ಗಾಯ ನೋಡಲು ಅವರ ಮನೆಗೆ ಹೋಗಿದ್ದೆ. ಚನ್ನಮಲ್ಲಮ್ಮ ಒಲೆಯ ಮೇಲೆ ಒಗ್ಗರಣೆಗೆ ಇಟ್ಟು ಹಿತ್ತಲಿಗೆ ಹೋಗಿದ್ದಳು. ಬೆಳ್ಳುಳ್ಳಿ ಕರಕಾಗಿ, ಎಣ್ಣೆ ಹೊಗೆ ಎದ್ದು, ಬೀದಿಯಲ್ಲಿದ್ದ ನನಗೇ ಕೆಮ್ಮು ಬಂತು. ಒಳಗೆ ಹೋಗಿ ನೋಡಿದರೆ ಒಲೆಗೆ ಬೆನ್ನು ಮಾಡಿ ಕೂತಿದ್ದ ಶಾಂತಮೂರ್ತಿ ಬೀಡಿ ಕಟ್ಟು ಬಿಚ್ಚುತ್ತಿದ್ದ.

ಚನ್ನಮಲ್ಲಮ್ಮ ಓಡಿ ಬಂದು ಬಾಣಲೆ ಇಳಿಸಿದಳು. "ಇಲ್ಲೇ ಕುಂತಿದ್ದೀರಿ, ಸೀದ್ ವಾಸನೆ ಬರನಿಲ್ವಾ?"

ಅವನು ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಯಾವ್ ವಾಸನೆ?" ಅಂದ.

ನಾನು ಕೊತ್ತಂಬರಿ ಸೊಪ್ಪು ಹಿಸುಕಿ ಮೂಗಿಗೆ ಹಿಡಿದೆ. ಇಲ್ಲ. ನನ್ನ ಚೀಲದ ಸ್ಪಿರಿಟ್ಟು ಹಿಡಿದೆ. ಉರಿಯುತ್ತದೆ ಅಂದ, ವಾಸನೆ ಇಲ್ಲ ಅಂದ. ಎದ್ದು ಹುಳುಮನೆಗೆ ಹೋಗಿ ಬೈಕಿನ ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಟ್ಟ. ಪೆಟ್ರೋಲಿನ ವಾಸನೆ ಅವನಿಗೆ ಹುಡುಗಾಟದ ದಿನಗಳಿಂದ ಪ್ರಾಣ. ಎಷ್ಟೋ ಹೊತ್ತು ಹಾಗೇ ಬಗ್ಗಿ ನಿಂತಿದ್ದ. ಅಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ.

ಹಿಂದಲೆಗೆ ಪೆಟ್ಟು ಬಿದ್ದಾಗ ಒಳಗೆ ಮಿದುಳು ಅಲುಗಿ ವಾಸನೆಯ ನರ ಕಿತ್ತುಹೋಗುವುದುಂಟು, ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಮೈಸೂರಿನ ಡಾಕ್ಟರು. ಅವನಿಗೆ ಇವತ್ತಿಗೂ ಬಂದಿಲ್ಲ.

ಊರು ಈಗ ಎರಡನೇ ಸಲ ಬಾಯಿ ತೆರೆಯಿತು. ನೋಡಿದಿರಾ, ಆ ಬೈಕು ಮಾರಿ, ಗುಜರಿಗೆ ಹಾಕಿ, ವಯಸ್ಸಿಗೆ ತಕ್ಕ ಹಾಗೆ ಇರಬೇಕು ಅಂದಿತು. ಮಹದೇವು ಕೂಡ ಅದೇ ರಾಗ ತೆಗೆದ. ಆಗ ನನಗೆ ಬಂದ ಸಿಟ್ಟು ಮೊದಲ ಸಿಟ್ಟಿಗಿಂತ ದೊಡ್ಡದು.

"ಅವತ್ತು ಮಣ್ಣು ಮೆತ್ತಗದೆ ಅಂದೋನು ಯಾರ್ಲಾ?" ಎಂದು ಅವನ ಅಂಗಡಿಯ ಮುಂದೆಯೇ ಕೇಳಿದೆ. "ಬಿದ್ದದ್ದು ವಯಸ್ಸಾಗಿ ಅಲ್ಲ, ಬೈಕ್ನಿಂದ ಅಲ್ಲ. ಬೀಳದು ಎಲ್ರೂ ಬೀಳ್ತಾರೆ. ತಲೆ ಒಡ್ದದ್ದು ಎಲ್ಮೆಟ್ಟು ಒಲದಲ್ಲಿದ್ದುದ್ಕೆ. ಅದ ಏಳಕ್ಕೆ ನಿಮಗ್ ಬಾಯಿ ಬರಾಕಿಲ್ವಾ?"

ಮಹದೇವು ಲೋಟ ತೊಳೆಯುತ್ತ ತಲೆ ಬಗ್ಗಿಸಿಕೊಂಡ.

ಆ ಸಂಜೆ ಚನ್ನಮಲ್ಲಮ್ಮ ಒಬ್ಬಳೇ ಹೊಲಕ್ಕೆ ಹೋಗಿ ಬೆರ್ಚಪ್ಪನ ತಲೆಯಿಂದ ಹೆಲ್ಮೆಟ್ಟು ಬಿಚ್ಚಿ ತಂದಳು. ತೊಳೆದು ನನಗೆ ತೋರಿಸಿದಳು. ಬಿಸಿಲಿಗೆ ಬಣ್ಣ ಸುಟ್ಟಿತ್ತು, ಒಳಗಿನ ಥರ್ಮಾಕೋಲು ಹಿಟ್ಟಾಗಿ ಉದುರುತ್ತಿತ್ತು, ಮೂಲೆಯಲ್ಲಿ ಕಣಜ ಗೂಡು ಕಟ್ಟಿತ್ತು.

"ಇದು ಇನ್ನು ಬರಾಕಿಲ್ಲ ಕಣವ್ವ" ಅಂದೆ. "ಬಿಸ್ಲು ತಿಂದದೆ. ಪೆಟ್ಟು ತಡಿಯಾಕಿಲ್ಲ. ಬೆರ್ಚಪ್ಪುಂಗೇ ಕೊಟ್ಬುಡು."

ಅವಳು ಮಾರನೆಯ ದಿನವೇ ಗಂಡನನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ, ತಲೆಗೆ ಹಾಕಿ ಅಲ್ಲಾಡಿಸಿ ನೋಡಿ, ಬಿಗಿಯಾಗಿ ಕೂರುವುದನ್ನೇ ಆರಿಸಿದಳು. ಹಿಂದೆ ಕೂರುವವರಿಗೆಂದು ಇನ್ನೊಂದು ತಂದಳು. ಶಾಂತಮೂರ್ತಿ ಕಣ್ಣು ತೋರಿಸಿ ಕನ್ನಡಕ ಹಾಕಿಸಿಕೊಂಡ. ಡಾಕ್ಟರು ಸರಿ ಅನ್ನುವವರೆಗೂ ಬೈಕು ಮುಟ್ಟಲಿಲ್ಲ. ಆಮೇಲೂ ಕೊಯ್ಲಾದ ಹೊಲದಲ್ಲಿ, ಸಮತಟ್ಟಾದ ನೆಲದಲ್ಲಿ ಹೊಸಬನ ಹಾಗೆ ಮೊದಲಿನಿಂದ ಕಲಿತ. ಈಗ ಹಳ್ಳ ಹತ್ತಿಸುವ ಮೊದಲು ಇಳಿದು, ನಡೆದು, ದಾರಿ ನೋಡಿಕೊಂಡು ಬರುತ್ತಾನೆ. ಒಬ್ಬನೇ ಹೋಗುವುದಿಲ್ಲ. ಬೈಕಿನ ಕೀಲಿ ಚನ್ನಮಲ್ಲಮ್ಮನ ಸೆರಗಿನ ಗಂಟಲ್ಲಿರುತ್ತದೆ. ಗಲ್ಲದ ಪಟ್ಟಿ ಟಕ್ ಅಂದ ಮೇಲೆಯೇ ಆ ಗಂಟು ಬಿಚ್ಚುವುದು. ಆ ಇನ್ನೊಂದು ಹೆಲ್ಮೆಟ್ಟು ಹಾಕಿಕೊಂಡು ನಾನೂ ಅವನ ಹಿಂದೆ ಕೂತು ಬಸ್ಸಿಲ್ಲದ ಊರುಗಳಿಗೆ ಲಸಿಕೆ ಡಬ್ಬ ಒಯ್ದಿದ್ದೇನೆ. ಮೊದಲ ದಿನ ಮಹದೇವುವಿನ ಅಂಗಡಿಯ ಮುಂದೆ ಯಾರೋ "ಬೆರ್ಚಪ್ಪ ಬಂದ" ಎಂದು ಕೂಗಿದ. ಮಹದೇವುವೇ ಅವನ ಬಾಯಿ ಮುಚ್ಚಿಸಿದ.

ಈ ವರ್ಷದ ಮೊದಲ ಮಳೆ ಬಿದ್ದಾಗ ನಾನು ಅವರ ಜಗಲಿಯಲ್ಲೇ ಇದ್ದೆ. ಬಿಸಿಲಿಗೆ ಬೆಂದ ನೆಲದಿಂದ ಮಣ್ಣಿನ ವಾಸನೆ ಎದ್ದಿತು. ಶಾಂತಮೂರ್ತಿ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ. "ವಾಸನೆ ಬತ್ತಾ ಅದೆಯಾ? ಎಂಗದೆ?"

"ಸಂದಾಗದೆ" ಅಂದಳು ಚನ್ನಮಲ್ಲಮ್ಮ.

ಅಣ್ಣಂದಿರೆ, ಅಕ್ಕಂದಿರೆ, ಇದನ್ನು ಓದುತ್ತಿರುವವರೆ, ಕೇಳುತ್ತಿರುವವರೆ, ನಿಮ್ಮ ವಯಸ್ಸು ನಲವತ್ತಾಗಲಿ, ಐವತ್ತಾಗಲಿ, ಬೈಕು ಓಡಿಸಿ. ಬೇಡ ಅನ್ನಲು ನಾನು ಯಾರು? ಆದರೆ ಪೊಲೀಸರಿಗೊಂದು ತಲೆ, ಮಣ್ಣುದಾರಿಗೊಂದು ತಲೆ ಅಂತ ದೇವರು ಎರಡು ಕೊಟ್ಟಿಲ್ಲ. ನಿಮ್ಮ ಮನೆಯ ಹೆಲ್ಮೆಟ್ಟು ಈಗ ಎಲ್ಲಿದೆ? ಅಟ್ಟದ ಮೇಲೋ, ಬೈಕಿನ ಹ್ಯಾಂಡಲ್ಲಿನಲ್ಲೋ, ಕೋಳಿ ಮೊಟ್ಟೆ ಇಡುವ ಮೂಲೆಯಲ್ಲೋ? ಈ ಕಾಗದವನ್ನು ಕೆಳಗಿಡಿ. ಎದ್ದು ಹೋಗಿ ಅದನ್ನು ಹುಡುಕಿ ತನ್ನಿ. ನಾನು ಇಲ್ಲೇ ಕಾಯುತ್ತಿರುತ್ತೇನೆ.